ಹಗಲಲ್ಲಿ ಕಣ್ಣು ಮುಚ್ಚೋ ಗೋಸುಂಬೆ: ಡ್ರಾಪ್ಸ್ ಬಾಟ್ಲಿ ಹುಡುಕೋ ಮುಂಚೆ ಮಾಡ್ಬೇಕಾದ್ದು

ಸಾಕಿದ ಗೋಸುಂಬೆ ಹಗಲು ಹೊತ್ತಲ್ಲಿ ಕಣ್ಣು ಮುಚ್ಕೊಂಡು ಕೂತಿದ್ರೆ ಅದು ನಿದ್ದೆ ಅಲ್ಲ, ಏನೋ ಕಾಯಿಲೆ ಇದೆ ಅಂತಾನೇ ಅರ್ಥ. ಪಾಪ, ಬೆಚ್ಚಗಿದೆಯಲ್ಲ, ಜೋಂಪು ಹತ್ತಿರ್ಬೇಕು ಅಂತ ಒಂದು ವಾರ ಸುಮ್ನಿದ್ದು, ಆಮೇಲೆ ಒಂದಿನ ಗಾಬರಿಯಾಗಿ ಮನೇಲಿ ಯಾರಿಗೋ ಕಣ್ಣು ಕೆಂಪಾದಾಗ ತಂದು ಮಿಕ್ಕಿದ್ದ ಡ್ರಾಪ್ಸ್ ತೆಗೆದು ಹಿಂಡೋರನ್ನ ಎಷ್ಟೋ ಜನರನ್ನ ನೋಡಿದೀನಿ. ಸುಮ್ನಿರೋದೂ ತಪ್ಪು, ಹಿಂಡೋದೂ ತಪ್ಪು. ಮಧ್ಯದಲ್ಲಿ ಮಾಡೋ ಕೆಲಸ ಒಂದಷ್ಟಿದೆ, ಅದನ್ನ ಸರಿಯಾಗಿ ಮಾಡಿದ್ರೆ ಅರ್ಧ ಕೇಸು ಅಲ್ಲೇ ಮುಗಿಯತ್ತೆ, ಉಳಿದ ಅರ್ಧಕ್ಕೆ ಡಾಕ್ಟ್ರ ಹತ್ರ ಹೋದಾಗ ಹೇಳೋಕೆ ನಿಮ್ಮ ಹತ್ರ ಸರಿಯಾದ ವಿಷಯ ಇರತ್ತೆ.

ಮೊದಲು ಈ ಕಣ್ಣು ಹೇಗಿದೆ ಅಂತ ಗೊತ್ತಿರ್ಲಿ, ಇಲ್ಲಾಂದ್ರೆ ಕೆಳಗೆ ಹೇಳೋದು ತಲೆಗೆ ಹೋಗಲ್ಲ. ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಕೂಡ್ಕೊಂಡು ಕಣ್ಣುಗುಡ್ಡೆಯನ್ನ ಹೆಚ್ಚುಕಮ್ಮಿ ಪೂರ್ತಿ ಮುಚ್ಚಿರತ್ತೆ, ತುದೀಲಿ ಪಾಪೆ ಕಾಣೋಷ್ಟು ಸಣ್ಣ ಕಿಂಡಿ ಮಾತ್ರ ಬಿಟ್ಟಿರತ್ತೆ. ಗುಡ್ಡೆ ತಿರುಗಿದ ಕಡೆ ರೆಪ್ಪೇನೂ ತಿರುಗತ್ತೆ, ಅದೂ ಎಡಗಣ್ಣು ಒಂದು ದಿಕ್ಕು ಬಲಗಣ್ಣು ಇನ್ನೊಂದು ದಿಕ್ಕು. ನೋಡೋಕೆ ಮಜಾ, ಆದ್ರೆ ಧೂಳೋ, ಬಿಟ್ಟ ಪೊರೆ ಚೂರೋ, ತಿನ್ನೋಕೆ ಕೊಡೋ ಹುಳುಗೆ ಮೆತ್ತಿದ ಕ್ಯಾಲ್ಸಿಯಂ ಪೌಡರೋ ಆ ಕಿಂಡಿಯಿಂದ ಒಳಗೆ ಹೋಯ್ತು ಅಂದ್ರೆ ಸುಲಭವಾಗಿ ಹೊರಗೆ ಬರಲ್ಲ. ಆರೋಗ್ಯವಾಗಿರೋ ಪ್ರಾಣಿ ಇದಕ್ಕೆ ತಾನೇ ಉಪಾಯ ಮಾಡ್ಕೊಳ್ಳತ್ತೆ, ಕಣ್ಣನ್ನ ಬುಸ್ ಅಂತ ಉಬ್ಬಿಸಿ ಗರಗರ ತಿರುಗಿಸತ್ತೆ, ಹೆಚ್ಚಾಗಿ ಸಂಜೆ ಮಲಗೋ ಹೊತ್ತಿಗೆ ಅಥವಾ ಮೈಮೇಲೆ ನೀರು ಬಿದ್ದಾಗ. ಹೊಸಬರು ಇದನ್ನ ನೋಡಿ ಕಣ್ಣೇ ಕಿತ್ಕೊಂಡು ಬರ್ತಿದೆ ಅಂತ ಹೆದರ್ಕೋತಾರೆ. ಒಂದೆರಡು ನಿಮಿಷದಲ್ಲಿ ಊತ ಇಳಿದ್ರೆ ಏನೂ ಆಗಿಲ್ಲ, ಬೆಳಿಗ್ಗೆ ಎದ್ದಾಗಲೂ ಹಾಗೇ ಇದ್ರೆ ಮಾತ್ರ ಮುಂದೆ ಓದಿ.

ಹೆಜ್ಜೆ 1: ಒಂದು ಕಣ್ಣೋ, ಎರಡೋ?

ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ದಾರಿ ಅರ್ಧ ಸಿಕ್ಕಂಗೆ. ಒಂದೇ ಕಣ್ಣು ಮುಚ್ಚಿದ್ರೆ ಸಾಮಾನ್ಯವಾಗಿ ತೊಂದರೆ ಆ ಕಣ್ಣಲ್ಲೇ ಇರತ್ತೆ, ಕಸ, ಗೀರು, ಅಂಟಿದ ಪೊರೆ, ಸೋಂಕು, ಇಲ್ಲಾ ರಾತ್ರಿ ಕೇಜಲ್ಲಿ ಉಳಿದ ಕ್ರಿಕೆಟ್ ಹುಳು ಕಡಿದಿರೋದು (ಹೌದು, ಅವು ಮಲಗಿರೋ ಗೋಸುಂಬೆನ ಕಡಿಯತ್ವೆ, ಅದಕ್ಕೇ ಲೈಟ್ ಆಫ್ ಮಾಡೋ ಮುಂಚೆ ಮಿಕ್ಕಿದ್ದೆಲ್ಲ ಹೊರಗೆ ತೆಗೀರಿ). ಎರಡೂ ಕಣ್ಣು ಮುಚ್ಚಿದ್ರೆ ಮೈಗೇ ಏನೋ ಆಗಿದೆ, ಇಲ್ಲಾ ಕೇಜಲ್ಲೇ ಏನೋ ತಪ್ಪಿದೆ. ನೀರು ಸಾಲದು, ಲೈಟ್ ಸರಿಯಿಲ್ಲ, ವಿಟಮಿನ್ ಎ ಕೊರತೆ, ಹೊಟ್ಟೇಲಿ ಹುಳು, ಕಿಡ್ನಿ ತೊಂದರೆ, ಇವೆಲ್ಲ ಈ ಲಿಸ್ಟಲ್ಲಿ ಬರತ್ವೆ. ಇಲ್ಲಿ ಕಣ್ಣಿಗೆ ಏನು ಸುರಿದ್ರೂ ಪ್ರಯೋಜನ ಇಲ್ಲ.

ನೋಡೋದು ದೂರದಿಂದ. ನೀವು ಮುಖ ಹತ್ರ ತಂದ ಕೂಡ್ಲೇ ಅದು ಹೆದರಿ ಕಣ್ಣು ಮುಚ್ಚತ್ತೆ ಇಲ್ಲಾ ಮುಚ್ಚಿದ್ದನ್ನ ತೆರೆಯತ್ತೆ, ಎರಡೂ ಸುಳ್ಳು ಲೆಕ್ಕ. ಫೋನ್ ಕೇಜ್ ಮುಂದೆ ನಿಲ್ಲಿಸಿ ವಿಡಿಯೋ ಆನ್ ಮಾಡಿ ರೂಮಿಂದ ಹೊರಗೆ ಹೋಗಿ, ಅರ್ಧ ಗಂಟೆ ಆದ್ಮೇಲೆ ನೋಡಿ. ಕಣ್ಣು ಉಬ್ಬಿದೆಯಾ ಒಳಗೆ ಹೋಗಿದೆಯಾ, ಕೊಂಬೆಗೆ ಉಜ್ತಾ ಇದೆಯಾ, ನಾಲಿಗೆ ಹಾರಿಸಿದಾಗ ಗುರಿ ತಪ್ತಿದೆಯಾ, ಇಷ್ಟು ಬರೆದಿಟ್ಕೊಳ್ಳಿ. ಅಡುಗೆಮನೆ ಡಿಜಿಟಲ್ ತಕ್ಕಡೀಲಿ ಎಷ್ಟು ಗ್ರಾಂ ಇದೆ ಅಂತಾನೂ ನೋಡಿಡಿ.

ಹೆಜ್ಜೆ 2: ಸಲೈನ್ ತೊಳೆತ, ಎಲ್ಲರೂ ಕೆಡಿಸೋದು ಇಲ್ಲೇ

ಒಂದೇ ಕಣ್ಣು, ಕೀವಿಲ್ಲ, ರಕ್ತ ಇಲ್ಲ, ಗುಡ್ಡೆ ಬೆಳ್ಳಗೆ ಮಂಜಾಗಿಲ್ಲ ಅಂದ್ರೆ ಮಾತ್ರ ಇದನ್ನ ಮನೇಲಿ ಮಾಡಬಹುದು. ಬೇಕಾಗೋದು ಸ್ಟೆರೈಲ್ 0.9% ಸೋಡಿಯಂ ಕ್ಲೋರೈಡ್, ಅಂದ್ರೆ ಮಾಮೂಲಿ ಸಲೈನ್, ಜೊತೆಗೆ ಸೂಜಿ ಇಲ್ಲದ 1 ಎಂಎಲ್ ಸಿರಿಂಜ್. ಚಿಕ್ಕ ಪ್ಲಾಸ್ಟಿಕ್ ಆಂಪ್ಯೂಲ್‌ಗಳಲ್ಲಿ ಬರೋದನ್ನೇ ತಗೊಳ್ಳಿ, ದೊಡ್ಡ ಬಾಟ್ಲಿ ತೆರೆದು ತಿಂಗಳುಗಟ್ಲೆ ಇಟ್ರೆ ಅದು ಸ್ಟೆರೈಲ್ ಆಗಿ ಉಳಿಯಲ್ಲ. ಕಾಂಟ್ಯಾಕ್ಟ್ ಲೆನ್ಸ್ ಸಲ್ಯೂಷನ್ ಇದಕ್ಕೆ ಬದಲಿ ಅಲ್ಲ, ಅದರಲ್ಲಿ ಲೆನ್ಸ್ ಮೇಲಿನ ಬ್ಯಾಕ್ಟೀರಿಯಾ ಕೊಲ್ಲೋ ಕೆಮಿಕಲ್ ಇರತ್ತೆ. ಮನೇಲಿ ಉಪ್ಪು ನೀರು ಕಲಸ್ಕೊಳ್ಳೋದೂ ಬೇಡ, ಅಳತೆ ತಪ್ಪಿದ್ರೆ ಉರಿಯತ್ತೆ.

ಆಂಪ್ಯೂಲನ್ನ ಅಂಗೈಲಿ ಹಿಡ್ಕೊಂಡು ತಣ್ಣಗಿರೋದು ಹೋಗೋವರೆಗೂ ಬೆಚ್ಚಗೆ ಮಾಡಿ. ಗೋಸುಂಬೆನ ಮೇಲಿಂದ ಗಬಕ್ ಅಂತ ಹಿಡೀಬೇಡಿ, ಹದ್ದು ಬಂದಂಗೆ ಅನ್ಸತ್ತೆ ಅದಕ್ಕೆ, ಮೈ ಕಪ್ಪಾಗಿ ಬಾಯಿ ತೆರೆದು ಬುಸುಗುಟ್ಟೋಕೆ ಶುರು ಮಾಡಿದ್ರೆ ಆವತ್ತಿನ ಕೆಲಸ ಮುಗೀತು, ವಾಪಸ್ ಬಿಟ್ಟು ಸಾಯಂಕಾಲ ನೋಡಿ. ಎದೆಯ ಕೆಳಗೆ, ಮುಂಗಾಲ ಹತ್ರ ಬೆರಳು ಅಡ್ಡ ಇಡಿ, ತಾನಾಗೇ ಹತ್ಲಿ. ಎರಡನೇ ವ್ಯಕ್ತಿ ಇದ್ರೆ ಅವ್ರ ಕೈ ಮೇಲೆ ಕೂರ್ಲಿ, ಒಬ್ರೇ ಆದ್ರೆ ಕುಂಡದಲ್ಲಿರೋ ಗಿಡದ ಕೊಂಬೆ ಮೇಲೆ ಬಿಟ್ಟು ಮಾಡೋದು ನನಗೆ ಇನ್ನೂ ಇಷ್ಟ, ಯಾಕಂದ್ರೆ ನಾಲ್ಕೂ ಕಾಲಿಗೆ ಹಿಡಿತ ಸಿಕ್ಕಿದ ಗೋಸುಂಬೆ ಅರ್ಧ ಸಮಾಧಾನದಲ್ಲಿರತ್ತೆ.

ಈಗ ಸಿರಿಂಜ್. ಜನ ಏನ್ಮಾಡ್ತಾರೆ ಅಂದ್ರೆ ನೇರ ಎದುರಿಂದ ಕಿಂಡಿಗೆ ಗುರಿಯಿಟ್ಟು ಚಿಮ್ಮಿಸ್ತಾರೆ, ಕಣ್ಣು ಕಚಕ್ ಅಂತ ಮುಚ್ಕೊಳ್ಳತ್ತೆ, ಆಮೇಲೆ ಬೆರಳಲ್ಲಿ ರೆಪ್ಪೆ ಬಿಡಿಸೋಕೆ ಹೋಗ್ತಾರೆ. ಆ ರೆಪ್ಪೆ ಗುಡ್ಡೆ ಜೊತೆ ಓಡಾಡೋ ಮಾಂಸ, ಬಿಡಿಸೋಕೆ ಅಂತ ಎಳೆದ್ರೆ ಗಾಯ ಆಗತ್ತೆ, ಅದರಿಂದ ಇದ್ದ ತೊಂದರೆ ಎರಡಾಗತ್ತೆ. ಹಿಂದಿನಿಂದ ಅಥವಾ ಮೇಲಿಂದ ಓರೆಯಾಗಿ ಬನ್ನಿ, ತುದಿ ಕಣ್ಣಿಗೆ ತಾಗಬಾರ್ದು, ಒಂದು ಬೆರಳಗಲ ದೂರ ಇರ್ಲಿ. ಒಂದೇ ಒಂದು ಹನಿ. ಅದು ಕಿಂಡಿ ಮೇಲೆ ಬೀಳ್ಬೇಕು, ಒಳಗೆ ನುಗ್ಬೇಕಾಗಿಲ್ಲ. ಕಣ್ಣು ಮುಚ್ಚತ್ತೆ, ಮುಚ್ಲಿ, ಕೈ ಆಡಿಸ್ದೆ ಕಾಯಿರಿ. ಸ್ವಲ್ಪ ಹೊತ್ತಲ್ಲಿ ಏನಾಯ್ತು ಅಂತ ನೋಡೋಕೆ ತಾನೇ ತೆರೆಯತ್ತೆ, ಆಗ ಮೇಲೆ ನಿಂತಿದ್ದ ಹನಿ ಒಳಗೆ ಹೋಗತ್ತೆ. ಮತ್ತೆ ಒಂದು ಹನಿ. ಹೀಗೆ ನಾಲ್ಕೈದು ಹನಿ ಹೋದ್ಮೇಲೆ ಬಹುತೇಕ ಗೋಸುಂಬೆಗಳು ಕಣ್ಣು ಉಬ್ಬಿಸಿ ತಿರುಗಿಸೋಕೆ ಶುರು ಮಾಡತ್ವೆ. ನಿಮಗೆ ಬೇಕಾಗಿರೋದು ಇದೇ, ನೀವು ತೊಳೆಯೋದಲ್ಲ, ಅದು ತಾನೇ ತೊಳ್ಕೊಳ್ಳೋಕೆ ನೀರು ಕೊಡೋದು. ತಿರುಗಿಸ್ತಿರೋವಾಗ ಇನ್ನೊಂದೆರಡು ಹನಿ ಕೊಟ್ಟು ನಿಲ್ಸಿ.

ಕಸ ತುದೀಲಿ ಬಂದು ಕೂತಿರೋದು ಕಂಡ್ರೆ ಕೈ ತುರಿಸತ್ತೆ, ಗೊತ್ತು. ಹತ್ತಿ ಕಡ್ಡಿ ತಗೋಬೇಡಿ, ಅದರ ಎಳೆ ಒಳಗೆ ಉಳಿಯತ್ತೆ. ಟ್ವೀಜರ್ ಅಂತೂ ಆ ರೂಮಲ್ಲೇ ಬೇಡ. ಇನ್ನೊಂದು ಹನಿ ಕೊಟ್ಟು ನೀರೇ ಜಾರಿಸ್ಕೊಂಡು ಹೋಗೋಕೆ ಬಿಡಿ. ರೆಪ್ಪೆ ಮೇಲೆ ಹಳೇ ಪೊರೆ ಅಂಟಿದ್ರೂ ಅಷ್ಟೇ, ಒದ್ದೆ ಮಾಡಿ ಬಿಡಿ, ಕೀಳ್ಬೇಡಿ.

ದಿನಕ್ಕೆ ಒಂದೆರಡು ಸಲ ಸಾಕು. 48 ಗಂಟೇಲಿ ಕಣ್ಣು ಮೊದಲಿನ ಹಾಗೆ ಅಗಲ ಆಗದಿದ್ರೆ ಮೂರನೇ ದಿನ ಮತ್ತೆ ತೊಳೆಯೋಕೆ ಕೂರ್ಬೇಡಿ, ಡಾಕ್ಟ್ರ ಹತ್ರ ಹೊರಡಿ.

ಹಾಕಲೇಬಾರದ್ದು

ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಈ ಮೂರರಲ್ಲಿ ಯಾವ ಹೆಸರು ಲೇಬಲ್ ಮೇಲಿದ್ರೂ ಅದು ಸ್ಟೆರಾಯ್ಡ್ ಡ್ರಾಪ್ಸ್. ಕಾರ್ನಿಯಾ (ಗುಡ್ಡೆಯ ಮುಂದಿನ ಪಾರದರ್ಶಕ ಪದರ) ಮೇಲೆ ಗೀರು ಇರೋವಾಗ ಸ್ಟೆರಾಯ್ಡ್ ಬಿದ್ರೆ ಗಾಯ ಮಾಯೋದು ನಿಲ್ಲತ್ತೆ, ಕಣ್ಣೇ ಹೋಗಬಹುದು. ಆಂಟಿಬಯೋಟಿಕ್ ಜೊತೆ ಸ್ಟೆರಾಯ್ಡ್ ಸೇರಿಸಿದ ಬಾಟ್ಲಿಗಳು ತುಂಬಾ ಇವೆ, ಮುಂದೆ ದೊಡ್ಡದಾಗಿ ಆಂಟಿಬಯೋಟಿಕ್ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಇದು, ಆದ್ರಿಂದ ಪೂರ್ತಿ ಓದಿ. ಕೆಂಪು ಇಳಿಸೋ ಡ್ರಾಪ್ಸೂ ಬೇಡ, ಅದು ರಕ್ತನಾಳ ಸಂಕುಚಿಸತ್ತೆ ಅಷ್ಟೇ. ಇನ್ನು ಪೆಟ್ ಶಾಪಲ್ಲಿ ಹಲ್ಲಿ ಚಿತ್ರ ಹಾಕಿ ಮಾರೋ ರೆಪ್ಟೈಲ್ ಐ ಡ್ರಾಪ್ಸ್, ಅದು ಸೋಂಕು ವಾಸಿ ಮಾಡಲ್ಲ, ಒಂದು ವಾರ ಅದನ್ನ ಹಾಕ್ಕೊಂಡು ಕಾಯೋದು ಇದೆಯಲ್ಲ, ಆ ವಾರ ಹಾಳಾಗೋದೇ ನಿಜವಾದ ನಷ್ಟ. ಮನೆಮದ್ದು ಬಗ್ಗೆ ಕೇಳಲೇಬೇಡಿ.

ಹೆಜ್ಜೆ 3: ಎರಡೂ ಕಣ್ಣು ಮುಚ್ಚಿದ್ರೆ

ನೀರಿಂದ ಶುರು ಮಾಡಿ. ಕಣ್ಣು ಗುಳಿ ಬಿದ್ದಿದ್ರೆ, ಹಿಕ್ಕೆ ಜೊತೆ ಬರೋ ಗಟ್ಟಿ ಮೂತ್ರದ ಭಾಗ ಬೆಳ್ಳಗಿರೋ ಬದಲು ಕಿತ್ತಳೆ ಬಣ್ಣ ಆಗಿದ್ರೆ, ಮೈಯಲ್ಲಿ ನೀರು ಕಮ್ಮಿ ಆಗಿದೆ. ಬಟ್ಟಲಲ್ಲಿ ನೀರಿಟ್ಟಿದೀನಲ್ಲ ಅನ್ಬೇಡಿ, ಬಹುತೇಕ ಗೋಸುಂಬೆಗಳು ನಿಂತ ನೀರಿನ ಕಡೆ ತಿರುಗಿಯೂ ನೋಡಲ್ಲ, ಎಲೆ ಮೇಲಿನ ಹನೀನೇ ನೆಕ್ಕೋದು. ಎರಡು ಸಲ ಪುಸ್ ಪುಸ್ ಅಂತ ಸ್ಪ್ರೇ ಮಾಡೋದು ಗಿಡ ಒದ್ದೆ ಮಾಡೋಕೆ ಸಾಕು, ಕುಡಿಯೋಕೆ ಸಾಲದು. ನೀರು ಬಿದ್ದ ಮೊದಲ ಒಂದೆರಡು ನಿಮಿಷ ಅದು ಸುಮ್ನೆ ಕೂತಿರತ್ತೆ, ಕುಡಿಯೋದು ಆಮೇಲೆ, ಹಾಗಾಗಿ ಮಿಸ್ಟಿಂಗ್, ಅಂದ್ರೆ ಮಂಜಿನ ಥರ ನೀರು ಚಿಮುಕಿಸೋದು, ತುಂಬಾ ಹೊತ್ತು ಇರ್ಲಿ, ಜೊತೆಗೆ ಹನಿಹನಿ ಬೀಳೋ ಡ್ರಿಪ್ಪರ್ ಒಂದು. ಬಾತ್ರೂಮಲ್ಲಿ ಶವರ್ ಕೆಳಗೆ ಗಿಡದ ಮೇಲೆ ಕೂರಿಸಿ ಅಂತ ಹೇಳೋರಿದಾರೆ, ಗೋಡೆಗೆ ಬಡಿದು ಸಿಡಿಯೋ ಉಗುರುಬೆಚ್ಚಗಿನ ತುಂತುರಾದ್ರೆ ಅಡ್ಡಿಯಿಲ್ಲ, ಆದ್ರೂ ನಿತ್ರಾಣ ಆಗಿರೋ ಪ್ರಾಣೀನ ಕೇಜಿಂದ ಎತ್ಕೊಂಡು ಓಡಾಡಿಸೋದು ನಂಗೆ ಸರಿ ಕಾಣಲ್ಲ, ಅದರ ಜಾಗದಲ್ಲೇ ನೀರು ಕೊಡಿ. ಟಬ್ಬಲ್ಲಿ ನೆನೆಸೋದಂತೂ ಬೇಡವೇ ಬೇಡ, ಇದು ಮರದ ಮೇಲಿನ ಪ್ರಾಣಿ. ಚೆನ್ನಾಗಿ ನೀರು ಕುಡಿದು ಎರಡು ದಿನ ಆದ್ರೂ ಗುಳಿ ತುಂಬದಿದ್ರೆ ಕಿಡ್ನಿ ಬಗ್ಗೆ ಯೋಚಿಸ್ಬೇಕು, ಅದು ನಮ್ಮ ಕೈಲಿರೋ ಕೆಲಸ ಅಲ್ಲ.

ಆಮೇಲೆ ಲೈಟ್. ಇತ್ತೀಚೆಗೆ ಯುವಿಬಿ ಬಲ್ಬ್ (ಬಿಸಿಲಲ್ಲಿರೋ ಅತಿನೇರಳೆ ಕಿರಣ ಕೊಡೋ ದೀಪ) ಬದಲಾಯಿಸಿದ್ರಾ? ಲೈಟ್ ಹತ್ತಿದಾಗ ಕಣ್ಣು ಮುಚ್ಚಿ, ನೆರಳಿಗೆ ಹೋದಾಗ ತೆರೆದ್ರೆ ಬಲ್ಬ್ ಮೇಲೇ ಅನುಮಾನ. ಒಂದೆರಡು ದಿನ ಯುವಿಬಿ ಆಫ್ ಮಾಡಿ ಮಾಮೂಲಿ ಬೆಳಕು, ಬಿಸಿ ಮಾತ್ರ ಇಟ್ಟು ನೋಡಿ. ಸುರುಳಿ ಆಕಾರದ ಕಾಂಪ್ಯಾಕ್ಟ್ ಯುವಿಬಿ ಬಲ್ಬ್ ನಾನು ಯಾರಿಗೂ ಹೇಳಲ್ಲ, ಹಿಂದೆ ಅವುಗಳಲ್ಲಿ ಕೆಲವು ಕಣ್ಣು ಸುಡೋ ಅಲೆಗಳನ್ನ ಬಿಟ್ಟು ಕೆಟ್ಟ ಹೆಸರು ತಗೊಂಡಿವೆ, ಈಗಿನವು ಸುಧಾರಿಸಿದ್ರೂ ಬೆಳಕು ಒಂದೇ ಕಡೆ ಬೀಳತ್ತೆ. ಉದ್ದನೆ ಟಿ5 (ತೆಳ್ಳನೆ ಟ್ಯೂಬ್‌ಲೈಟ್ ಥರದ) ಯುವಿಬಿ ಟ್ಯೂಬ್ ತಗೊಳ್ಳಿ. ಬಿಸಿಲು ಕಾಯೋ ಕೊಂಬೆ ಹತ್ರ ಯುವಿ ಇಂಡೆಕ್ಸ್ (ಆ ಕಿರಣ ಎಷ್ಟು ಬಲವಾಗಿದೆ ಅನ್ನೋ ಅಳತೆ) ಸುಮಾರು 3 ಬಂದ್ರೆ ಸರಿ, ಅಳೆಯೋಕೆ ಮೀಟರ್ ಬೇಕು, ಬರಿಗಣ್ಣಿಗೆ ಯುವಿ ಕಾಣಲ್ಲ. ಟ್ಯೂಬ್ ಇನ್ನೂ ಬೆಳಗ್ತಿದೆ ಅಂದ್ರೆ ಯುವಿಬಿ ಬರ್ತಿದೆ ಅಂತಲ್ಲ, ಅದು ಬೆಳಕಿಗಿಂತ ಮುಂಚೆ ಸಾಯತ್ತೆ. ಟ್ಯೂಬ್ ಮತ್ತು ಪ್ರಾಣಿ ಮಧ್ಯೆ ಗಾಜಿದ್ರೆ ಟ್ಯೂಬ್ ಇಲ್ಲದಂಗೇ ಲೆಕ್ಕ.

ವಿಟಮಿನ್ ಎ ಕಥೆ ಸ್ವಲ್ಪ ಸೂಕ್ಷ್ಮ. ಕೊರತೆ ಆದಾಗ ಕಣ್ಣಿನ ಸುತ್ತ ಊತ, ಪೊರೆ ಸರಿಯಾಗಿ ಬಿಡದೆ ತುಂಡುತುಂಡಾಗಿ ಉಳಿಯೋದು, ನಾಲಿಗೆ ಸರಿಯಾಗಿ ಹಾರದಿರೋದು ಒಟ್ಟಿಗೆ ಕಾಣಿಸ್ಕೊಳ್ಳತ್ತೆ. ಎಷ್ಟೋ ಸಪ್ಲಿಮೆಂಟ್‌ಗಳಲ್ಲಿ ಇರೋದು ಬೀಟಾ ಕ್ಯಾರೋಟಿನ್, ಅದನ್ನ ವಿಟಮಿನ್ ಎ ಆಗಿ ಬದಲಾಯಿಸ್ಕೊಳ್ಳೋದರಲ್ಲಿ ಗೋಸುಂಬೆಗಳು ಅಷ್ಟು ಗಟ್ಟಿಯಲ್ಲ, ಹಾಗಾಗಿ ಡಬ್ಬಿ ಹಿಂದೆ ರೆಟಿನಾಲ್ ಅಥವಾ ರೆಟಿನೈಲ್ (ಇವು ತಯಾರಾದ ವಿಟಮಿನ್ ಎ) ಅಂತ ಇದೆಯಾ ನೋಡಿ. ಹಾಗಂತ ಮನುಷ್ಯರ ವಿಟಮಿನ್ ಕ್ಯಾಪ್ಸೂಲ್ ಚುಚ್ಚಿ ಬಾಯಿಗೆ ಬಿಡೋಕೆ ಹೋಗ್ಬೇಡಿ. ಇದು ಲಿವರಲ್ಲಿ ಶೇಖರಣೆ ಆಗೋ ವಿಟಮಿನ್, ಜಾಸ್ತಿಯಾದ್ರೆ ಚರ್ಮ ಸುಲಿದು ಬರತ್ತೆ, ವಿಟಮಿನ್ ಡಿ3 ಕೆಲಸಕ್ಕೂ ಅಡ್ಡ ಬರತ್ತೆ. ಲಕ್ಷಣ ಹೊಂದಿದ್ರೆ ಪ್ರಮಾಣ ಡಾಕ್ಟ್ರೇ ಹೇಳ್ಬೇಕು.

ಹೆಜ್ಜೆ 4: ಡಾಕ್ಟ್ರು

ಕೀವು, ರಕ್ತ, ಮಂಜಾದ ಗುಡ್ಡೆ, ದಿನದಿಂದ ದಿನಕ್ಕೆ ದೊಡ್ಡದಾಗೋ ಊತ, ಇಡೀ ದಿನ ಎರಡೂ ಕಣ್ಣು ಮುಚ್ಚಿರೋದು, ಇದರಲ್ಲಿ ಯಾವುದಿದ್ರೂ ಮೇಲಿನ ಹೆಜ್ಜೆಗಳನ್ನ ಬಿಟ್ಟು ನೇರ ಇಲ್ಲಿಗೆ ಬನ್ನಿ. ಸರೀಸೃಪ ನೋಡಿ ಅಭ್ಯಾಸ ಇರೋ ಪಶುವೈದ್ಯರೇ ಆಗ್ಬೇಕು. ನಾಯಿ ಬೆಕ್ಕಿನ ಹಾಗೆ ಗೋಸುಂಬೆ ಕೀವು ನೀರಾಗಿ ಸುರಿಯಲ್ಲ, ಗಟ್ಟಿಯಾಗಿ ಪನೀರ್ ಪುಡಿ ಥರ ಒಳಗೇ ಕೂತಿರತ್ತೆ. ಅದಕ್ಕೇ ಕಣ್ಣಿನ ಹಿಂದೆ ಕೀವು ಕಟ್ಟಿದ್ರೆ ಬರೀ ಡ್ರಾಪ್ಸ್ ಹಾಕಿ ಕರಗಿಸ್ತೀನಿ ಅನ್ನೋದು ಆಗದ ಮಾತು, ಕೊರೆದು ತೆಗೀಬೇಕಾಗತ್ತೆ. ಬಾಯೊಳಗಿನ ಸೋಂಕೂ ಕಣ್ಣಿನ ತನಕ ಹಬ್ಬೋದುಂಟು, ಬಾಯಿ ತೆರೆದು ನೋಡಿ ಅಂತ ನೀವೇ ಕೇಳಿ. ಫ್ಲೋರೆಸಿನ್ ಬಣ್ಣದ ಟೆಸ್ಟೂ ಮಾಡ್ತೀರಾ ಅಂತ ಕೇಳಿ, ಬಣ್ಣದ ಹನಿ ಹಾಕಿ ನೀಲಿ ಬೆಳಕಲ್ಲಿ ನೋಡಿದ್ರೆ ಕಾರ್ನಿಯಾ ಮೇಲಿನ ಗೀರು ಹಸಿರಾಗಿ ಹೊಳೆಯತ್ತೆ, ಗೀರಿದೆಯೋ ಇಲ್ವೋ ಗೊತ್ತಾಗದೆ ಯಾವ ಡ್ರಾಪ್ಸ್ ಅಂತ ನಿರ್ಧರಿಸೋದು ಕಷ್ಟ.

ಹೋಗೋವಾಗ ಗಾಳಿ ಆಡೋ ಡಬ್ಬ, ಒಳಗೆ ಹಿಡ್ಕೊಳ್ಳೋಕೆ ಒಂದು ಕೊಂಬೆ, ಮೇಲೆ ಬಟ್ಟೆ ಮುಚ್ಚಿ ಕತ್ತಲು. ಫೋನಲ್ಲಿರೋ ವಿಡಿಯೋ, ಕೇಜಿನ ಫೋಟೋ, ಸಪ್ಲಿಮೆಂಟ್ ಡಬ್ಬಿ, ಸಾಧ್ಯವಾದ್ರೆ ಹಿಕ್ಕೆ, ಎಲ್ಲ ತಗೊಂಡು ಹೋಗಿ.

ಹೆಜ್ಜೆ 5: ವಾಸಿ ಆಗೋ ತನಕ ಊಟ

ಕಣ್ಣು ಕಾಣದ ಗೋಸುಂಬೆ ಬೇಟೆ ಆಡಲ್ಲ, ತಿನ್ನಲ್ಲ. ಹಾಗಂತ ಬಾಯಿ ಅಗಲಿಸಿ ತುರುಕೋದು ಬೇಡ, ಅದನ್ನ ಮಾಡ್ಬೇಕೋ ಬೇಡ್ವೋ ಡಾಕ್ಟ್ರು ಹೇಳ್ಲಿ. ಒಂದು ಕಣ್ಣಾದ್ರೂ ಚೆನ್ನಾಗಿದ್ರೆ ಒಳಗೋಡೆ ನುಣ್ಣಗಿರೋ ಸಣ್ಣ ಕಪ್ಪಲ್ಲಿ ಹುಳು ಹಾಕಿ ಆ ಕಣ್ಣಿನ ಕಡೆ ಕೊಂಬೆಗೆ ಕಟ್ಟಿ, ಹುಡುಕಾಟ ತಪ್ಪತ್ತೆ. ಈ ದಿನಗಳಲ್ಲಿ ಕ್ಯಾಲ್ಸಿಯಂ ಪೌಡರ್ ತೆಳ್ಳಗೆ ಸವರಿ, ಬಿಳಿ ಬಳಿದಂಗೆ ಇರೋ ಹುಳು ಒದ್ದಾಡಿದಾಗ ಪುಡಿ ಹಾರೋದು ಮತ್ತೆ ಅದೇ ಕಣ್ಣಿಗೆ. ಕೇಜಲ್ಲಿ ಫೈಕಸ್ (ಆಲ, ಅತ್ತಿ ಜಾತಿಯ) ಗಿಡ ಇದ್ರೆ ಈಗ ಕತ್ತರಿಸ್ಬೇಡಿ, ಕತ್ತರಿಸಿದ ಜಾಗದಿಂದ ಒಸರೋ ಹಾಲು ಕಣ್ಣಿಗೆ ಉರಿ.

ಡಾಕ್ಟ್ರು ಬರೆದ ಡ್ರಾಪ್ಸ್ ಹಾಕೋ ವಿಧಾನ ಹೆಜ್ಜೆ 2ರಲ್ಲಿ ಹೇಳಿದ್ದೇ, ಓರೆಯಾಗಿ, ಒಂದು ಹನಿ, ಕಾಯೋದು. ಹಾಕಿದ ತಕ್ಷಣ ಮಿಸ್ಟಿಂಗ್ ಆನ್ ಆಗೋ ಹಾಗೆ ಟೈಮರ್ ಇದ್ರೆ ಅದನ್ನ ಮುಂದಕ್ಕೆ ಹಾಕಿ, ಔಷಧಿ ತೊಳೆದು ಹೋಗತ್ತೆ. ಎರಡನೇ ದಿನಾನೇ ಕಣ್ಣು ತೆರೀತು ಅಂತ ಕೋರ್ಸ್ ಅರ್ಧಕ್ಕೆ ಬಿಡ್ಬೇಡಿ. ಬಾಟ್ಲೀಲಿ ಮಿಕ್ಕಿದ್ದನ್ನ ಮುಂದಿನ ಸಲಕ್ಕೆ ಅಂತ ಎತ್ತಿಡದೆ ಎಸೆದುಬಿಡಿ.