ಹಿತ್ತಲಲ್ಲೇ ಕಡಲೆ ತಳಿ ಬೆರೆಸುವುದು ಹೇಗೆ?

‘ಹೈಬ್ರಿಡ್ ಜೋಳ ಇದೆ, ಹೈಬ್ರಿಡ್ ಟೊಮೆಟೊ ಇದೆ, ಹೈಬ್ರಿಡ್ ಕಡಲೆ ಯಾಕಿಲ್ಲ?’ ಮಂಡ್ಯದ ಬೀಜದಂಗಡಿಯಲ್ಲಿ ಹೀಗೆ ಕೇಳುವವರುಂಟು. (ನಾನು ಹೇಳುತ್ತಿರುವುದು ಕಡಲೆಕಾಳು, ಕಡಲೆಕಾಯಿ ಅಲ್ಲ.) ಕಾರಣ ಹೂವಿನಲ್ಲೇ ಇದೆ. ಕಡಲೆ ಹೂ ಅರಳುವ ಮೊದಲೇ, ಮೊಗ್ಗಿನೊಳಗೇ ಪರಾಗಸ್ಪರ್ಶ ಮುಗಿದಿರುತ್ತದೆ. ಜೇನು ಬರುವಷ್ಟರಲ್ಲಿ ಮದುವೆ ಊಟವೂ ಆಗಿಹೋಗಿರುತ್ತದೆ. ಬೆರಕೆ ಬೇಕೆಂದರೆ ಒಂದೊಂದು ಹೂವಿಗೂ ನಾವೇ ಕೈ ಹಾಕಬೇಕು. ಕಾಯಿಗೆ ಸಿಗುವುದು ಒಂದೋ ಎರಡೋ ಕಾಳು. ಹೀಗಾದರೆ ಎಕರೆಗಟ್ಟಲೆಗೆ ಬೀಜ ಮಾಡೋದು ಎಲ್ಲಿಂದ? ಆದರೆ ಹೊಸ ತಳಿಗೆ ನಾಂದಿ ಹಾಡಲು ಹತ್ತಿಪ್ಪತ್ತು ಕಾಳು ಸಾಕು.

ಮೊದಲು ಜೋಡಿ ನೋಡಿ. ಕಲಿಯುವವರು ಬಿಳಿ ಹೂವಿನ ಕಾಬೂಲಿಯನ್ನು ತಾಯಿ ಮಾಡಿ, ಗುಲಾಬಿ ಹೂವಿನ ನಾಟಿ ಕಡಲೆ ತಳಿ ಅಣ್ಣಿಗೇರಿ–1ನ್ನು ತಂದೆ ಮಾಡಿ. ಯಾಕೆಂದು ಆಮೇಲೆ ಹೇಳುತ್ತೇನೆ. ನವೆಂಬರ್‌ನಲ್ಲಿ ವಾರ ಬಿಟ್ಟು ವಾರ ಮೂರು ಸಲ ಬಿತ್ತಿದರೆ ಎರಡರ ಹೂವೂ ಒಟ್ಟಿಗೆ ಸಿಗುತ್ತದೆ. ನಾಲೆ ನೀರಿದೆ ಅಂತ ಹರಿಸಿಬಿಡಬೇಡಿ. ಬುಡದಲ್ಲಿ ನೀರು ನಿಂತರೆ ಕಡಲೆ ಉಳಿಯದು.

ಈಗ ನಾಜೂಕಿನ ಕೆಲಸ. ತಾಯಿ ಗಿಡದಲ್ಲಿ ನಾಳೆ ಅರಳಬೇಕಾದ ಮೊಗ್ಗನ್ನು ಆರಿಸಿ. ದಳದ ತುದಿ ಹಸಿರು ಕವಚದಿಂದ ಆಗಷ್ಟೇ ಇಣುಕುತ್ತಿರಬೇಕು. ಸಣ್ಣ ಚಿಮಟದಿಂದ ದೋಣಿಯಂಥ ದಳವನ್ನು ಕೆಳಗೆ ಸರಿಸಿದರೆ ಒಳಗೆ ಹತ್ತು ಕೇಸರ ಕಾಣುತ್ತವೆ. ಹತ್ತನ್ನೂ ಎಣಿಸಿ ಕೀಳಿ. ಒಂದು ಉಳಿದರೂ ಶ್ರಮವೆಲ್ಲ ನೀರುಪಾಲು. ನಡುವಿನ ಎಳೆಗೆ, ಅಂದರೆ ಹೂವಿನ ಹೆಣ್ಣು ಭಾಗಕ್ಕೆ, ಮಾತ್ರ ಚಿಮಟ ತಗುಲಬಾರದು. ಬಳಿಕ ತಂದೆ ಗಿಡದ ಆಗತಾನೆ ಅರಳಿದ ಹೂ ತಂದು, ಅದರ ಪರಾಗವನ್ನು ಆ ಎಳೆಯ ತುದಿಗೆ ಸವರಿ. ಬಣ್ಣದ ದಾರ ಕಟ್ಟಿ. ಎಷ್ಟೋ ಮೊಗ್ಗು ಉದುರುತ್ತವೆ, ನನ್ನ ಮೊದಲ ದಿನದವು ಎಲ್ಲವೂ ಉದುರಿದವು. ಎಲೆಯ ಹುಳಿಗೆ ಬೆರಳು ನವೆಯಾಗುತ್ತದೆ, ಅದು ಬೇರೆ!

ದಾರ ಕಟ್ಟಿದ ಕಾಯಿಗಳ ಕಾಳನ್ನು ಮುಂದಿನ ವರ್ಷ ಬಿತ್ತಿ. ಹೂ ಗುಲಾಬಿಯಾದರೆ ಬೆರಕೆ ಗೆದ್ದಿದೆ. ಬಿಳಿಯಾದರೆ ತಾಯಿ ತನ್ನ ಪರಾಗದಿಂದಲೇ ಕಾಯಿ ಕಟ್ಟಿದ್ದಾಳೆ, ಕಿತ್ತುಹಾಕಿ. ಬಿಳಿ ತಾಯಿ ಬೇಕೆಂದದ್ದು ಇದಕ್ಕೇ.

ಇಳುವರಿ ಇನ್ನೂ ದೂರ. ಎರಡನೇ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ: ಗಿಡ್ಡ, ಉದ್ದ, ದಪ್ಪ ಕಾಳು, ಸಣ್ಣ ಕಾಳು. ಆರಿಸುತ್ತಾ ಆರೇಳು ಪೀಳಿಗೆ ಹೋದ ಮೇಲೆ ತಳಿ ಒಂದು ಹದಕ್ಕೆ ನಿಲ್ಲುತ್ತದೆ. ಜಾಸ್ತಿ ಕಾಯಿ ಹೊತ್ತ ಗಿಡಕ್ಕೇ ಮರುಳಾಗಬೇಡಿ. ಕೊಯ್ಲಿನವರೆಗೆ ಸೊರಗದೆ ನಿಂತದ್ದೇ ನನಗೆ ಮುಖ್ಯ. ಅಣ್ಣಿಗೇರಿ–1 ಸೊರಗು ರೋಗಕ್ಕೆ ಸೋಲುತ್ತಿತ್ತು. ವಿಜ್ಞಾನಿಗಳು ಡಬ್ಲ್ಯುಆರ್–315 ಎಂಬ ಇನ್ನೊಂದು ಕಡಲೆ ತಳಿಯ ರೋಗ ತಡೆಯುವ ಗುಣವನ್ನು ಅದಕ್ಕೆ ಸೇರಿಸಿ, ಮತ್ತೆ ಮತ್ತೆ ಅಣ್ಣಿಗೇರಿಗೇ ಬೆರೆಸಿ ಸೂಪರ್ ಅಣ್ಣಿಗೇರಿ–1 ಮಾಡಿದರು.

ಒಂದೊಂದು ಗಿಡದ ಕಾಳನ್ನೂ ಬೇರೆ ಬೇರೆ ಕವರಿನಲ್ಲಿ ಇಡಿ. ಹುಳು ಬೀಳದಂತೆ ಚೆನ್ನಾಗಿ ಒಣಗಿಸಿ ಬೂದಿ ಬೆರೆಸಿ. ಹೆಸರಿನ ಚೀಟಿ ಒಳಗೊಂದು, ಹೊರಗೊಂದು.