ಅಟಕಾಮದಿಂದ ಉಯುನಿಗೆ: ಎತ್ತರದ ಲೆಕ್ಕ ತಪ್ಪಿದ ಮೂರು ದಿನ

ಬೊಲಿವಿಯಾದ ಉಯುನಿ ಉಪ್ಪಿನ ಬಯಲಿಗೆ ಉಯುನಿ ಪಟ್ಟಣದಿಂದಲೂ ಹೊರಡಬಹುದು, ಚಿಲಿಯ ಸ್ಯಾನ್ ಪೆದ್ರೊ ದೆ ಅಟಕಾಮದಿಂದಲೂ ಹೊರಡಬಹುದು. ವಿಮಾನದ ಅನುಕೂಲ ನೋಡಿ ನಾನು ಎರಡನೆಯದನ್ನು ಆರಿಸಿಕೊಂಡೆ. ಸ್ಯಾನ್ ಪೆದ್ರೊ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ. ಮೊದಲ ರಾತ್ರಿ ಮಲಗಬೇಕಾದ ತಂಗುಮನೆ ಇದ್ದದ್ದು ಸುಮಾರು 4,300 ಮೀಟರ್‌ನಲ್ಲಿ. ಜೀಪಿನಲ್ಲಿ ಕುಳಿತು ಹೋಗುವವನಿಗೆ ಏನಾದೀತು ಎಂಬ ಉಡಾಫೆಯಿಂದ ಈ ವ್ಯತ್ಯಾಸವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆಗಸ್ಟ್ ತಿಂಗಳ ಒಂದು ಮುಂಜಾನೆ ಹಿತೊ ಕಾಹೋನ್ ಗಡಿ ದಾಟಿ, ಆರು ಮಂದಿ ಪ್ರಯಾಣಿಕರು ಒಂದು ಲ್ಯಾಂಡ್ ಕ್ರೂಸರ್ ಹತ್ತಿದೆವು. 5,916 ಮೀಟರ್ ಎತ್ತರದ ಲಿಕಂಕಾಬುರ್ ಜ್ವಾಲಾಮುಖಿಯ ಬುಡದಲ್ಲಿರುವ ಲಗೂನಾ ವೆರ್ದೆ, ಹೆಸರಿನ ಪ್ರಕಾರ ಹಸಿರು ಸರೋವರ, ನಾವು ತಲುಪಿದಾಗ ಬರೀ ಬೂದು ಬಣ್ಣಕ್ಕಿತ್ತು. ಗಾಳಿ ಎದ್ದು ತಳದ ಖನಿಜಗಳನ್ನು ಕದಡಿದ ಮೇಲೆಯೇ ಅದಕ್ಕೆ ಹಸಿರು ಏರುತ್ತದೆಂದು ಚಾಲಕರು ಹೇಳಿದರು. ಅರ್ಧ ಗಂಟೆ ಕಾದದ್ದು ವ್ಯರ್ಥವಾಗಲಿಲ್ಲ. ಸುಮಾರು 4,900 ಮೀಟರ್ ಎತ್ತರದ ಸೋಲ್ ದೆ ಮನ್ಯಾನಾದಲ್ಲಿ ಕೆಸರು ಕೊತಕೊತ ಕುದಿಯುವುದನ್ನು ನೋಡಿ ಜೀಪಿಗೆ ಮರಳುವ ಇಪ್ಪತ್ತು ಹೆಜ್ಜೆಗೇ ನನಗೆ ಏದುಸಿರು ಬಂತು.

ಸಂಜೆ ಕಂಡ ಲಗೂನಾ ಕೊಲೊರಾದಾ ಈ ದಾರಿಯ ನಿಜವಾದ ವಿಸ್ಮಯವೆಂದು ನನ್ನ ಅಭಿಪ್ರಾಯ. ಪಾಚಿಯಿಂದ ಇಟ್ಟಿಗೆಗೆಂಪಾದ ಆಳವಿಲ್ಲದ ನೀರು, ನಡುನಡುವೆ ಬೋರಾಕ್ಸಿನ ಬಿಳಿ ದಿಬ್ಬಗಳು, ಕೊಕ್ಕನ್ನು ತಲೆಕೆಳಗಾಗಿ ಅದ್ದಿ ಅದೇ ಪಾಚಿಯನ್ನು ಸೋಸುತ್ತಿದ್ದ ರಾಜಹಂಸಗಳು. ಅಷ್ಟು ಹೊತ್ತಿಗೆ ಎತ್ತರದ ತೆಳುಗಾಳಿಗೆ ನನ್ನ ತಲೆ ಸಿಡಿಯತೊಡಗಿತ್ತಾದ್ದರಿಂದ, ಕ್ಯಾಮೆರಾದ ಮುಚ್ಚಳವನ್ನೂ ತೆಗೆಯದೆ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುವುದರಿಂದ, ಕೊಟ್ಟ ಕೋಕಾ ಎಲೆಯ ಚಹಾ ನಮ್ಮ ಮನೆಯ ಕಾಫಿಯಂತೆ ನಾಲಿಗೆ ಸುಡಲೇ ಇಲ್ಲ. ಕುಡಿಯುವ ನೀರು ಹೆಪ್ಪುಗಟ್ಟದಿರಲೆಂದು ಬಾಟಲಿಯನ್ನೂ ಕ್ಯಾಮೆರಾದ ಬ್ಯಾಟರಿಗಳನ್ನೂ ಮಲಗುಚೀಲದೊಳಗೇ ಇಟ್ಟುಕೊಂಡು, ಬೆಳಗಿನವರೆಗೂ ಗೋಡೆಗೊರಗಿ ಕುಳಿತಿದ್ದೆ. ಸ್ಯಾನ್ ಪೆದ್ರೊದಲ್ಲಿ ಇನ್ನೆರಡು ರಾತ್ರಿ ಉಳಿದು, ಹಗಲು ಎಲ್ ತಾತಿಯೊ ಬಿಸಿನೀರ ಬುಗ್ಗೆಗಳಂಥ 4,300 ಮೀಟರ್ ಎತ್ತರದ ಜಾಗಕ್ಕೆ ಹೋಗಿ, ರಾತ್ರಿ ಮಲಗಲು ಕೆಳಗಿಳಿದಿದ್ದರೆ ಈ ಪಾಡು ಬಹುಪಾಲು ತಪ್ಪುತ್ತಿತ್ತು. ಉಯುನಿಯಿಂದ ಹೊರಟಿದ್ದರೆ ಮೊದಲ ರಾತ್ರಿಯ ತಂಗುದಾಣವೇ ಸುಮಾರು 3,700 ಮೀಟರ್‌ನಲ್ಲಿರುತ್ತಿತ್ತು, ಆದರೆ ಆ ಪಟ್ಟಣಕ್ಕೂ ಒಂದೆರಡು ದಿನ ಮೊದಲೇ ಬಂದು ಒಗ್ಗಿಕೊಂಡಿರಬೇಕು.

ಎರಡನೆಯ ದಿನ ಸಿಲೋಲಿ ಮರುಭೂಮಿಯ ಕಲ್ಲುಮರವೆಂಬ ಮರದಾಕಾರದ ಬಂಡೆಯನ್ನು ದಾಟಿ ಇಳಿಯುತ್ತ ಹೋದಂತೆ ತಲೆನೋವೂ ಇಳಿಯಿತು. ಮೂರನೆಯ ದಿನ ಸೂರ್ಯೋದಯಕ್ಕೆ ಮುಂಚೆ ಉಪ್ಪಿನ ಬಯಲಿಗೆ ಬಂದೆವು. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಆ ಬಿಳುಪಿನಲ್ಲಿ ರಸ್ತೆಯಿಲ್ಲ. ಚಾಲಕರು ಉತ್ತರದ ತುನುಪಾ ಬೆಟ್ಟವನ್ನು ಗುರುತಿಟ್ಟುಕೊಂಡು ಗಾಡಿ ಓಡಿಸಿದರು. ಆಕಾಶವನ್ನು ಕನ್ನಡಿಯಂತೆ ತೋರಿಸುವ ನೀರು ಮಳೆಗಾಲದ ಜನವರಿ, ಫೆಬ್ರವರಿ ತಿಂಗಳುಗಳದ್ದು. ಆಗಸ್ಟಿನಲ್ಲಿ ಕಾಣುವುದು ಬಹುಭುಜದ ಉಪ್ಪಿನ ಏಣುಗಳು. ಇಂಕವಾಸಿ ದಿಬ್ಬದ ಮೇಲೆ, ಆಳೆತ್ತರವನ್ನು ಎಷ್ಟೋ ಮೀರಿದ ಪಾಪಾಸುಕಳ್ಳಿಗಳ ನಡುವೆ, ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತ ತುದಿಯವರೆಗೂ ಹತ್ತಿದೆ. ಮಧ್ಯಾಹ್ನ ಉಯುನಿ ತಲುಪುತ್ತಲೇ ಚಾಲಕರು ಜೀಪಿನ ತಳಕ್ಕೆ ಪೈಪಿನಿಂದ ನೀರು ಹಾಯಿಸಿ, ತುಕ್ಕು ಹಿಡಿಯುವ ಮೊದಲೇ ಉಪ್ಪನ್ನೆಲ್ಲ ತೊಳೆಯತೊಡಗಿದರು.