ಗೀರು ಬಿಡಿ, ಗ್ರೀಸ್ ನೋಡಿ: ಮೊದಲ ಸೆಕೆಂಡ್ ಹ್ಯಾಂಡ್ ಟ್ರಯಲ್ಸ್ ಬೈಕ್ ಕೊಳ್ಳುವುದು ಹೇಗೆ?

ಇದು ಸೀಟೇ ಇಲ್ಲದ ಬೈಕ್. ನಿಂತುಕೊಂಡೇ ಓಡಿಸಬೇಕು. ಬಂಡೆ, ಮರದ ಬೇರು, ಕೆಸರು, ತೊರೆ, ಕಡಿದಾದ ದಿಣ್ಣೆ ಇರುವ ಜಾಗದಲ್ಲಿ ಒಂದು ಸಣ್ಣ ದಾರಿಗೆ ಗುರುತು ಹಾಕಿರುತ್ತಾರೆ, ಅದನ್ನು ಕಾಲು ನೆಲಕ್ಕೆ ಊರದೆ ದಾಟಬೇಕು. ಒಂದು ಸಲ ಕಾಲೂರಿದರೆ 1 ಅಂಕ, ಎರಡು ಸಲಕ್ಕೆ 2, ಅದಕ್ಕಿಂತ ಜಾಸ್ತಿ ಆದರೆ 3, ದಾಟಲಾಗದೇ ನಿಂತುಹೋದರೆ 5. ಕಡಿಮೆ ಅಂಕ ಬಂದವರು ಗೆಲ್ಲುತ್ತಾರೆ. ಯಾರು ಎಷ್ಟು ಜೋರಾಗಿ ಹೋದರು ಅನ್ನುವುದಕ್ಕೆ ಇಲ್ಲಿ ಬೆಲೆ ಇಲ್ಲ.

ಇಂಥ ಆಟದಲ್ಲಿ ಬೈಕ್ ಬೀಳುತ್ತದೆ. ಎಲ್ಲರದ್ದೂ ಬೀಳುತ್ತದೆ. 2007ರಿಂದ ಮೊಂಟೆಸಾ ಕಂಪನಿಯ ಬೈಕ್ ಏರಿ ವಿಶ್ವ ಪ್ರಶಸ್ತಿಗಳನ್ನು ಗೆಲ್ಲುತ್ತಾ ಬಂದಿರುವ ಸ್ಪೇನಿನ ಸ್ಪರ್ಧಿ ಟೋನಿ ಬೌ ಅವರ ಬೈಕೂ ಬೀಳುತ್ತದೆ. ಹಾಗಾಗಿ ಹಳೇ ಗಾಡಿ ನೋಡಲು ಹೋದಾಗ ಮಡ್ಗಾರ್ಡ್ ಮೇಲಿನ ಗೀರು, ಹರಿದ ಸ್ಟಿಕರ್, ತರಚಿದ ಪ್ಲಾಸ್ಟಿಕ್ ನೋಡಿ ಮುಖ ಸಿಂಡರಿಸಬೇಡಿ. ಅವು ಈ ಗಾಡಿಗೆ ಸಹಜ. ಹೊಸ ಪ್ಲಾಸ್ಟಿಕ್, ಹೊಸ ಸ್ಟಿಕರ್ ಹಾಕಿ ಫಳಫಳ ಅನ್ನಿಸುವ ಗಾಡಿ ಕಂಡರೆ ಇನ್ನೂ ಸ್ವಲ್ಪ ಹುಷಾರಾಗಿರಿ. ನೀವು ನಿಜಕ್ಕೂ ತಿಳಿಯಬೇಕಾದ್ದು ಒಂದೇ: ಹಿಂದಿನ ಮಾಲೀಕರು ಕಣ್ಣಿಗೆ ಕಾಣದ ಜಾಗಗಳನ್ನು ಹೇಗೆ ನೋಡಿಕೊಂಡಿದ್ದಾರೆ?

ಮೊದಲು ಯಾವ ಗಾಡಿ ಅಂತ ಗಟ್ಟಿ ಮಾಡಿಕೊಳ್ಳಿ

ಬೀಟಾ, ಗ್ಯಾಸ್ ಗ್ಯಾಸ್, ಶೆರ್ಕೊ, ಮೊಂಟೆಸಾ, ಸ್ಕಾರ್ಪಾ, ಟಿಆರ್‌ಎಸ್, ವರ್ಟಿಗೊ – ಹೆಸರು ತುಂಬಾ ಇವೆ. ಆದರೆ ಕಲಿಯುವವರಿಗೆ ಬ್ರಾಂಡ್‌ಗಿಂತ ಮುಖ್ಯವಾದ ಪ್ರಶ್ನೆ, ನೀವಿರುವ ಕಡೆ ಯಾವುದರ ಬಿಡಿಭಾಗ ಸಿಗುತ್ತದೆ ಅನ್ನುವುದು. ಒಂದು ಕ್ಲಚ್ ಲಿವರ್‌ಗಾಗಿ ತಿಂಗಳುಗಟ್ಟಲೆ ಕಾಯುವ ಹಾಗಾದರೆ ಕಲಿಕೆ ಅಲ್ಲೇ ನಿಲ್ಲುತ್ತದೆ. ಹತ್ತಿರದಲ್ಲಿ ಟ್ರಯಲ್ಸ್ ಸ್ಪರ್ಧೆ ನಡೆದರೆ ಸುಮ್ನೆ ಹೋಗಿ ಒಂದು ದಿನ ನೋಡಿ. ಜನ ಯಾವ ಗಾಡಿ ಓಡಿಸುತ್ತಿದ್ದಾರೆ, ಯಾವುದನ್ನು ಅಲ್ಲೇ ಬಿಚ್ಚಿ ರಿಪೇರಿ ಮಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಮಾರುವವರೂ ಅಲ್ಲೇ ಸಿಗುತ್ತಾರೆ, ಗಾಡಿ ನೋಡಲು ಜತೆಗೆ ಬರುವ ಅನುಭವಿಗಳೂ ಸಿಗಬಹುದು.

ಇಂಜಿನ್ ವಿಷಯಕ್ಕೆ ಬಂದರೆ, ದೊಡ್ಡವರಿಗೆ 250 ಸಿಸಿ ಟೂ ಸ್ಟ್ರೋಕ್ ಒಳ್ಳೆಯ ಆಯ್ಕೆ ಅಂತ ನನ್ನ ಅಭಿಪ್ರಾಯ. 125 ಸಿಸಿ ಸಣ್ಣದು, ಹಾಗಾಗಿ ಸುಲಭ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಆದರೆ ಅದನ್ನು ದಿಣ್ಣೆ ಹತ್ತಿಸಲು ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಾ ಕ್ಲಚ್ಚನ್ನು ಸರಿಯಾಗಿ ಆಡಿಸಬೇಕು, ಹೊಸಬರಿಗೆ ಬಾರದೇ ಇರುವುದೇ ಅದು. ಮೈತೂಕ ಕಡಿಮೆ ಇರುವವರಿಗೆ, ಹದಿವಯಸ್ಸಿನವರಿಗೆ 125 ಸರಿ. 300 ಸಿಸಿ ಗಾಡಿಯಲ್ಲಿ ಕೈ ತಪ್ಪಿ ಥ್ರಾಟಲ್ ತಿರುಗಿದರೆ ಗಾಡಿ ಒಂದು ಕಡೆ, ನೀವು ಒಂದು ಕಡೆ. ಮೊಂಟೆಸಾದ 4ಆರ್‌ಟಿ ಥರದ ಫೋರ್ ಸ್ಟ್ರೋಕ್ ಗಾಡಿಗಳು ಸ್ವಲ್ಪ ಭಾರ, ಆದರೆ ಶಕ್ತಿ ಮೆತ್ತಗೆ ಬರುತ್ತದೆ, ಇಳಿಜಾರಿನಲ್ಲಿ ಇಂಜಿನ್ನೇ ಚೆನ್ನಾಗಿ ಹಿಡಿದು ನಿಲ್ಲಿಸುತ್ತದೆ.

ಇನ್ನು ಹಳೇ ಕಾಲದ ಗಾಡಿಗಳ ಮೋಹ. 1960ರ ದಶಕದ ನಡುವೆ ಟ್ರಯಲ್ಸ್ ಸ್ಪರ್ಧಿ ಸ್ಯಾಮಿ ಮಿಲ್ಲರ್ ಜತೆ ಸೇರಿ ಸ್ಪೇನಿನ ಬುಲ್ಟಾಕೊ ಕಂಪನಿ ತಯಾರಿಸಿದ ಶೆರ್ಪಾ ಬೈಕ್ ಈ ಆಟದ ದಿಕ್ಕನ್ನೇ ಬದಲಿಸಿತು, ಭಾರದ ಫೋರ್ ಸ್ಟ್ರೋಕ್ ಗಾಡಿಗಳನ್ನು ಹಗುರವಾದ ಟೂ ಸ್ಟ್ರೋಕ್ ಹಿಂದೆ ಹಾಕಿತು. ಚಂದದ ಗಾಡಿ, ನನಗೂ ಬಹಳ ಇಷ್ಟ. ಆದರೆ ಹಿಂದೆ ಎರಡು ಶಾಕ್, ಡ್ರಮ್ ಬ್ರೇಕ್ ಇರುವ ಇಂಥ ಗಾಡಿಗೆ ನಿತ್ಯ ಆರೈಕೆ ಬೇಕು, ಭಾಗ ಹುಡುಕುವುದೇ ಒಂದು ಕೆಲಸ. ಮೊದಲ ಗಾಡಿಯಾಗಿ ಬೇಡ. ಡಿಸ್ಕ್ ಬ್ರೇಕ್, ಹೈಡ್ರಾಲಿಕ್ ಕ್ಲಚ್, ವಾಟರ್ ಕೂಲಿಂಗ್ ಇರುವ, 70 ಕೆಜಿ ಆಸುಪಾಸಿನ ಗಾಡಿ ನೋಡಿ. ಬಿದ್ದಾಗ ಎತ್ತಬೇಕಾದವರು ನೀವೇ ಅಲ್ವಾ?

ಫೋನಿನಲ್ಲೇ ಕೇಳಿ

"ಎಷ್ಟು ಕಿಲೋಮೀಟರ್ ಓಡಿದೆ?" ಅನ್ನುವ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬಾರದು. ಎಷ್ಟೋ ಟ್ರಯಲ್ಸ್ ಬೈಕುಗಳಲ್ಲಿ ಮೀಟರೇ ಇರುವುದಿಲ್ಲ. ಇದ್ದರೂ, ಇಡೀ ದಿನ ಒಂದೇ ಬಂಡೆ ಹತ್ತಿಳಿದ ಗಾಡಿ ಎಷ್ಟು ಕಿಲೋಮೀಟರ್ ಓಡಿದಂತಾಯಿತು? ಅದರ ಬದಲು ಯಾರು ಓಡಿಸುತ್ತಿದ್ದರು, ಯಾವ ಮಟ್ಟದಲ್ಲಿ ಅಂತ ಕೇಳಿ. ಮೇಲಿನ ದರ್ಜೆಯ ಸ್ಪರ್ಧಿಯ ಗಾಡಿ ಎರಡೇ ವರ್ಷದ್ದಾದರೂ ಎತ್ತರದಿಂದ ಹಾರಿ ಹಾರಿ ಫ್ರೇಮು, ಚಕ್ರ ಎಲ್ಲ ಸುಸ್ತಾಗಿರಬಹುದು. ವಾರಾಂತ್ಯಕ್ಕೊಮ್ಮೆ ನಿಧಾನವಾಗಿ ಓಡಿಸುವ, ವಯಸ್ಸಾದ ಹವ್ಯಾಸಿಯ ಹತ್ತು ವರ್ಷದ ಗಾಡಿ ಅದಕ್ಕಿಂತ ಎಷ್ಟೋ ವಾಸಿ ಇರುತ್ತದೆ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಕಣ್ಣುಮುಚ್ಚಿ ಎರಡನೆಯದಕ್ಕೆ ಹೋಗುತ್ತೇನೆ.

ಇನ್ನೆರಡು ಪ್ರಶ್ನೆ: ಗೇರ್ ಆಯಿಲ್ ಕೊನೆಯ ಸಲ ಯಾವಾಗ ಬದಲಿಸಿದ್ರಿ? ಟೂ ಸ್ಟ್ರೋಕ್ ಆದರೆ, ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸುತ್ತೀರಿ? ಈ ಗಾಡಿಗಳಲ್ಲಿ ಆಯಿಲ್ಲನ್ನು ಕೈಯಾರೆ ಅಳೆದು ಪೆಟ್ರೋಲಿಗೆ ಬೆರೆಸಬೇಕು. ಚೆನ್ನಾಗಿ ನೋಡಿಕೊಂಡವರು ಥಟ್ಟನೆ ಉತ್ತರ ಕೊಡುತ್ತಾರೆ. "ಅಂದಾಜಿನಲ್ಲಿ ಹಾಕ್ತೀನಿ" ಅಂದರೆ ಪಿಸ್ಟನ್ನಿನ ಗತಿ ಏನಾಗಿರಬಹುದು ಅಂತ ಯೋಚಿಸಿ.

ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿಬಿಡಿ: ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ.

ತಣ್ಣಗಿನ ಇಂಜಿನ್

ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ನೀವು ಬರುವ ಮುಂಚೆಯೇ ಓಡಿಸಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವ ಗಾಡಿ ಚೋಕ್ ಎಳೆದು ಕೆಲವೇ ಕಿಕ್‌ಗೆ ಶುರುವಾಗಬೇಕು. ಕಿಕ್ ಹೊಡೆಯುವಾಗ ಮಧ್ಯದಲ್ಲಿ ಜಾರಿದಂತೆ, ಹಲ್ಲು ಸಿಗದಂತೆ ಅನ್ನಿಸಿದರೆ ಒಳಗಿನ ಕಿಕ್ ಗೇರ್ ಸವೆದಿರಬಹುದು. ಅದನ್ನು ಬದಲಿಸಲು ಕೇಸ್ ಬಿಚ್ಚಬೇಕಾಗುತ್ತದೆ.

ಶುರುವಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಡಿ. ಮೊದಲಿಗೆ ಬಿಳಿ ಹೊಗೆ ಬರುವುದು ಸಹಜ. ಇಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಲೇ ಇದ್ದರೆ ಗೇರ್‌ಬಾಕ್ಸ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಸುಡುತ್ತಿರಬಹುದು, ಇಲ್ಲವೇ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಥ್ರಾಟಲ್ ಬಿಟ್ಟರೂ ಇಂಜಿನ್ ವೇಗ ಕೆಳಗಿಳಿಯದೆ ಹೆಚ್ಚುಕಮ್ಮಿ ಆಗುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಕ್ರ್ಯಾಂಕಿನ ಇನ್ನೊಂದು ಬದಿಯ ಸೀಲ್ ಮೇಲೆ ಅನುಮಾನ ಪಡಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವವರೆಗೂ ಕಾಯಿರಿ. ಈ ಗಾಡಿ ನಡಿಗೆಯ ವೇಗದಲ್ಲಿ ಓಡುವುದರಿಂದ ಗಾಳಿ ತಾನಾಗಿ ಬಂದು ತಂಪು ಮಾಡುವುದಿಲ್ಲ, ಫ್ಯಾನ್ ಕೆಲಸ ಮಾಡಲೇಬೇಕು.

ನಂತರ ಗೇರ್ ಆಯಿಲ್ ನೋಡಿ. ಕಿಂಡಿಯಲ್ಲಿ ಕಾಣದಿದ್ದರೆ ಸ್ವಲ್ಪ ತೆಗೆದು ತೋರಿಸಲು ಕೇಳಿ. ಹಾಲು ಬೆರೆಸಿದಂತೆ ಬೂದು ಬಣ್ಣ ಇದ್ದರೆ ವಾಟರ್ ಪಂಪ್ ಸೀಲ್ ಸೋತು ನೀರು ಸೇರಿದೆ. ಸೀಲ್ ಹಾಕಿಸುವುದು ದೊಡ್ಡ ಕೆಲಸವಲ್ಲ. ಆದರೆ ಆ ಆಯಿಲ್‌ನಲ್ಲೇ ಎಷ್ಟು ದಿನ ಓಡಿಸಿದರು, ಬೇರಿಂಗ್ ಏನಾಗಿದೆ ಅನ್ನುವುದು ಹೊರಗಿನಿಂದ ಗೊತ್ತಾಗುವುದಿಲ್ಲ.

ಬಗ್ಗಿ ನೋಡಬೇಕಾದ ಜಾಗಗಳು

ಇಲ್ಲಿ ಆತುರ ಬೇಡ, ಎಷ್ಟು ಹೊತ್ತಾದರೂ ಪರವಾಗಿಲ್ಲ. ಮಾರುವವರು ಟೀ ಕುಡಿಯೋಣ ಬನ್ನಿ ಅಂದರೂ ಇದು ಮುಗಿಯಲಿ.

ಮೊದಲು ಏರ್ ಫಿಲ್ಟರ್. ಮುಚ್ಚಳ ತೆಗೆದು ಬೆರಳಾಡಿಸಿ. ಸ್ಪಾಂಜ್ ಮೇಲೆ ಎಣ್ಣೆಯ ಜಿಗುಟು ಇದ್ದು, ಒಳಗಿನ ಬದಿ ಸ್ವಚ್ಛವಾಗಿದ್ದರೆ ಬಹಳ ಒಳ್ಳೆಯ ಲಕ್ಷಣ. ಒಣಗಿದ ಸ್ಪಾಂಜ್, ಪೆಟ್ಟಿಗೆಯೊಳಗೆ ಮರಳು, ಕೆಸರು ಇದ್ದರೆ ಅದೇ ಮಣ್ಣು ಪಿಸ್ಟನ್ ರಿಂಗ್‌ವರೆಗೂ ಹೋಗಿದೆ. ಹೊರಗೆ ಎಷ್ಟೇ ಹೊಳೆಯಲಿ, ಈ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ.

ಆಮೇಲೆ ಹಿಂದಿನ ಸಸ್ಪೆನ್ಷನ್ ಲಿಂಕೇಜ್, ಅಂದರೆ ಹಿಂದಿನ ಶಾಕನ್ನು ಚಕ್ರದ ತೋಳಿಗೆ ಜೋಡಿಸುವ ಕೀಲುಗಳು. ಇಂಜಿನ್ ಕೆಳಗಿನ ಗಾರ್ಡ್ ಅಡಿಗೆ ಒಂದು ಪೆಟ್ಟಿಗೆ ಇಟ್ಟು ಹಿಂದಿನ ಚಕ್ರ ನೆಲ ಬಿಡುವಂತೆ ನಿಲ್ಲಿಸಿ, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಎತ್ತಿ ಇಳಿಸಿ. ಶಾಕ್ ಅಲುಗುವ ಮುಂಚೆಯೇ ಟಕ್ ಟಕ್ ಅಂತ ಆಡಿದರೆ ಲಿಂಕೇಜ್ ಬೇರಿಂಗ್ ಸವೆದಿದೆ. ಈ ಬೇರಿಂಗ್‌ಗಳು ನೆಲಕ್ಕೆ ಹತ್ತಿರ, ಕೆಸರು ನೀರು ಎಲ್ಲ ಅಲ್ಲಿಗೇ ಬಡಿಯುತ್ತದೆ. ಗಾಡಿ ತೊಳೆಯುವಾಗ ಜೋರು ನೀರು ಹೊಡೆದು ಗ್ರೀಸ್ ತೊಳೆದು ಹೋಗಿರುತ್ತದೆ, ಬಿಚ್ಚಿ ಹೊಸ ಗ್ರೀಸ್ ಹಾಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅದೇ ಹೊತ್ತಿನಲ್ಲಿ ಚಕ್ರವನ್ನು ಪಕ್ಕಕ್ಕೆ ಅಲುಗಾಡಿಸಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮತ್ತು ಚಕ್ರದ ಬೇರಿಂಗನ್ನೂ ನೋಡಿಬಿಡಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ಸರಿ ಮಧ್ಯಕ್ಕೆ ಬಂದಾಗ ಸಿಕ್ಕಿಕೊಂಡಂತೆ ಅನ್ನಿಸಿದರೆ ಅಲ್ಲಿನ ಬೇರಿಂಗೂ ಬದಲಿಸಬೇಕು.

ಫ್ರೇಮ್‌ನಲ್ಲಿ ಬಿರುಕು ಹುಡುಕಬೇಕಾದ ಜಾಗಗಳು ಫುಟ್‌ರೆಸ್ಟ್ ಕೂರುವ ಬ್ರಾಕೆಟ್, ಹ್ಯಾಂಡಲ್ ಕತ್ತಿನ ವೆಲ್ಡಿಂಗ್, ಸ್ವಿಂಗ್ ಆರ್ಮ್. ನಿಂತು ಓಡಿಸುವ ಗಾಡಿಯಲ್ಲಿ ಮೈಭಾರವೆಲ್ಲ ಫುಟ್‌ರೆಸ್ಟ್ ಮೇಲೆ ಬೀಳುವುದರಿಂದ ಅಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಅಲ್ಯುಮಿನಿಯಂ ಫ್ರೇಮ್‌ಗೆ ಎರಡನೇ ಸಲ ವೆಲ್ಡ್ ಮಾಡಿದ ಗುರುತು ಕಂಡರೆ ಆ ಗಾಡಿ ಬಿಟ್ಟುಬಿಡುವುದೇ ಒಳ್ಳೆಯದು. ಇಂಜಿನ್ ಕೆಳಗಿನ ಗಾರ್ಡ್ ನಗ್ಗಿರುವುದು ಮಾಮೂಲು. ಆದರೆ ಅದು ಇಂಜಿನ್ ಕೇಸಿಗೆ ತಾಗುವಷ್ಟು ಒಳಗೆ ಹೋಗಿದೆಯಾ, ಅಲ್ಲಿ ಆಯಿಲ್ ಒಸರುತ್ತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಫೋರ್ಕ್ ಪೈಪ್ ಮೇಲೆ ಬೆರಳುಗುರು ಸಿಕ್ಕಿಕೊಳ್ಳುವ ಗೀರು ಇದ್ದರೆ, ಎಷ್ಟು ಸಲ ಹೊಸ ಸೀಲ್ ಹಾಕಿದರೂ ಸೋರುತ್ತದೆ. ಗೀರು ನೋಡಬೇಡಿ ಅಂದೆನಲ್ಲ, ಈ ಒಂದು ಕಡೆ ಮಾತ್ರ ನೋಡಿ.

ಹಿಂದಿನ ಟೈರಿನ ಮೇಲೆ ಉಬ್ಬಿರುವ ರಬ್ಬರ್ ತುಂಡುಗಳ ಅಂಚು ಚೂಪಾಗಿರಬೇಕು. ರಬ್ಬರ್ ದಪ್ಪವಾಗಿದ್ದರೂ ಅಂಚು ದುಂಡಗಾಗಿದ್ದರೆ ಒದ್ದೆ ಬಂಡೆಯ ಮೇಲೆ ಹಿಡಿತ ಸಿಗದು, ಕಲಿಯುವವರು ತಪ್ಪು ತಮ್ಮದೇ ಅಂದುಕೊಂಡು ಬೇಜಾರಾಗುತ್ತಾರೆ. ರಿಮ್ ನಗ್ಗಿದೆಯಾ, ಕಡ್ಡಿಗಳು ಸಡಿಲ ಆಗಿವೆಯಾ, ಚೈನು ಸ್ಪ್ರಾಕೆಟ್ ಹೇಗಿದೆ – ಇವನ್ನು ಬೇರೆ ಯಾವುದೇ ಬೈಕಿನಲ್ಲಿ ನೋಡುವಂತೆಯೇ ನೋಡಿ.

ಓಡಿಸಿ ನೋಡುವಾಗ

ಹೆಲ್ಮೆಟ್ ಹಾಕಿಕೊಳ್ಳಿ, ಕಿಲ್ ಸ್ವಿಚ್ಚಿನ ದಾರವನ್ನು ಕೈಗೆ ಸಿಕ್ಕಿಸಿಕೊಳ್ಳಿ. ಬಿದ್ದಾಗ ಇಂಜಿನ್ ಆಫ್ ಮಾಡುವುದು ಅದೇ. ಅದು ಕೆಲಸ ಮಾಡುತ್ತದಾ ಅಂತ ನಿಂತಲ್ಲೇ ಒಮ್ಮೆ ಎಳೆದು ನೋಡಿ.

ತಣ್ಣಗಿದ್ದಾಗ ಕ್ಲಚ್ ಪ್ಲೇಟುಗಳು ಅಂಟಿಕೊಂಡು ಮೊದಲ ಗೇರ್ ಹಾಕಿದಾಗ ಗಾಡಿ ಮುಂದಕ್ಕೆ ಜಿಗಿಯಬಹುದು. ಎಷ್ಟೋ ಗಾಡಿಗಳಲ್ಲಿ ಅದು ಸಹಜ. ಬಿಸಿಯಾದ ಮೇಲೆ ಕ್ಲಚ್ ಪೂರ್ತಿ ಹಿಡಿದರೂ ಎಳೆಯುತ್ತಿದ್ದರೆ, ನ್ಯೂಟ್ರಲ್ ಸಿಗುವುದೇ ಕಷ್ಟವಾದರೆ ಅದು ತೊಂದರೆ. ಈ ಆಟದಲ್ಲಿ ಒಂದೇ ಬೆರಳಿನಿಂದ ಕ್ಲಚ್ ಹಿಡಿದು ಬಿಡುತ್ತಲೇ ಇರಬೇಕು, ಹಾಗಾಗಿ ಅದು ಹಗುರವಾಗಿ, ಪ್ರತಿ ಸಲ ಒಂದೇ ಜಾಗದಲ್ಲಿ ಹಿಡಿಯುವಂತಿರಲಿ. ಮೇಲಿನ ಗೇರ್‌ನಲ್ಲಿ ಥ್ರಾಟಲ್ ಕೊಟ್ಟಾಗ ಇಂಜಿನ್ ಶಬ್ದ ಏರಿ ಗಾಡಿಯ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಇಳಿಜಾರಿನಲ್ಲಿ ನಿಲ್ಲಿಸಿ ಮುಂದಿನ ಬ್ರೇಕ್ ಒಂದೇ ಬೆರಳಲ್ಲಿ ಹಿಡಿಯಿರಿ, ಗಾಡಿ ಅಲ್ಲಾಡಬಾರದು. ನಿಮಗೆ ಓಡಿಸಲು ಬಾರದಿದ್ದರೆ ಜತೆಗೆ ಬಂದ ಅನುಭವಿ ಓಡಿಸಲಿ, ಮಾರುವವರು ಓಡಿಸಿ ತೋರಿಸಿದ್ದಷ್ಟೇ ಸಾಲದು.

ಕಾಗದ, ಬೆಲೆ

ಫ್ರೇಮ್ ಮೇಲೆ ಕೊರೆದ ನಂಬರ್ ಕಾಗದದಲ್ಲಿರುವುದಕ್ಕೆ ಸರಿಹೊಂದಬೇಕು. ಉಜ್ಜಿದ ಗುರುತು ಇದ್ದರೆ ಮಾತು ಬೆಳೆಸಬೇಡಿ, ಹೊರಡಿ. ಟ್ರಯಲ್ಸ್ ಬೈಕ್ ಎಲ್ಲ ಕಡೆಯೂ ರಸ್ತೆಗೆ ನೋಂದಣಿ ಆಗಿರುವುದಿಲ್ಲ, ನಿಮ್ಮಲ್ಲಿನ ನಿಯಮ ನೋಡಿ, ಬೇಕಿದ್ದರೆ ಸಾಗಿಸುವ ವ್ಯವಸ್ಥೆ ಮಾಡಿಕೊಂಡೇ ಹೋಗಿ.

ಚೌಕಾಸಿಗೆ ಸುಮ್ಮನೆ ಬೆಲೆ ಇಳಿಸಿ ಅನ್ನಬೇಡಿ. ಟೈರ್, ಲಿಂಕೇಜ್ ಬೇರಿಂಗ್, ಬ್ರೇಕ್ ಪ್ಯಾಡ್, ಸ್ಪ್ರಾಕೆಟ್ – ಏನೇನು ಬದಲಿಸಬೇಕೋ ಬರೆದುಕೊಂಡು, ಅವುಗಳ ಬೆಲೆ ಮೊದಲೇ ವಿಚಾರಿಸಿಟ್ಟುಕೊಂಡು ಆ ಲೆಕ್ಕ ಮುಂದಿಡಿ. ಕೈಯಲ್ಲಿರುವ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡಿ. ಬೂಟು, ಹೆಲ್ಮೆಟ್, ಗ್ಲೌಸ್, ಮೊದಲ ಸರ್ವಿಸ್‌ಗೆ ಸ್ವಲ್ಪ ಉಳಿಯಬೇಕು.

ಮನೆಗೆ ತಂದ ಮೇಲೆ

ಓಡಿಸುವ ಆಸೆಯನ್ನು ಒಂದು ದಿನ ತಡೆದುಕೊಳ್ಳಿ. ಗೇರ್ ಆಯಿಲ್, ಕೂಲೆಂಟ್ ಬದಲಿಸಿ, ಏರ್ ಫಿಲ್ಟರ್ ತೊಳೆದು ಎಣ್ಣೆ ಹಚ್ಚಿ, ಲಿಂಕೇಜ್ ಬಿಚ್ಚಿ ಗ್ರೀಸ್ ತುಂಬಿ. ಇಂಜಿನ್‌ಗೆ ಎರಡು ಮ್ಯಾಪ್ (ಶಕ್ತಿ ಮೆತ್ತಗೆ ಅಥವಾ ಜೋರಾಗಿ ಬರುವಂತೆ ಮಾಡುವ ಸೆಟ್ಟಿಂಗ್) ಬದಲಿಸುವ ಸ್ವಿಚ್ ಇದ್ದರೆ ಮೆತ್ತಗಿನದ್ದರಲ್ಲಿ ಶುರು ಮಾಡಿ. ಬಂಡೆಯ ಹತ್ತಿರ ಹೋಗುವ ಮುಂಚೆ ಸಮತಟ್ಟು ನೆಲದಲ್ಲಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕುವುದನ್ನು ಕಲಿಯಿರಿ. ಟೈರಿನ ಗಾಳಿ ಬೇರೆ ಬೈಕುಗಳಿಗಿಂತ ತುಂಬಾ ಕಡಿಮೆ ಇರಬೇಕು, ಹಿಂದೆ 4ರಿಂದ 5 ಪಿಎಸ್‌ಐ, ಮುಂದೆ 5ರಿಂದ 6ರ ಆಸುಪಾಸು. ಮಾಮೂಲಿ ಗೇಜ್‌ನಲ್ಲಿ ಇಷ್ಟು ಕಡಿಮೆ ಗಾಳಿ ಸರಿಯಾಗಿ ಓದಲಾಗುವುದಿಲ್ಲ, ಕಡಿಮೆ ಒತ್ತಡ ಅಳೆಯುವ ಗೇಜ್ ಒಂದನ್ನು ಗಾಡಿಯ ಜತೆಗೇ ಕೊಂಡುಬಿಡಿ.